ಸುಗ್ಗಿ ವರ್ಷಕ್ಕೊಮ್ಮೆ, ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ‘ಕ್ರೆಡಿಟ್ ಕಾರ್ಡ್’ ಎಂಬ ಮಾತು ಬಂದದ್ದು ಹೊಲದ ದಾರಿಯಿಂದ. 1998ರಲ್ಲಿ ಕೇಂದ್ರ ಸರಕಾರ ಕಿಸಾನ್ ಕ್ರೆಡಿಟ್ ಕಾರ್ಡ್ ತಂದಾಗ ನಾನು ಅಫಜಲಪುರ ತಾಲ್ಲೂಕಿನ ಒಂದು ಬ್ಯಾಂಕ್ ಶಾಖೆಯಲ್ಲಿದ್ದೆ. ಫೋಟೊ ಅಂಟಿಸಿದ ಸಣ್ಣ ಪಾಸ್‌ಬುಕ್ಕಿನಂಥ ಆ ಕಾರ್ಡನ್ನು ರೈತರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪಹಣಿಯ ಜೊತೆ ಟ್ರಂಕಿನ ತಳದಲ್ಲಿ ಇಡುತ್ತಿದ್ದರು. ಮುಂದೆ ಆ ಸಾಲಕ್ಕೆ ಒಂದು ಒಳ್ಳೆಯ ಏರ್ಪಾಡು ಬಂತು. 3 ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ 7. ಹೇಳಿದ ದಿನದೊಳಗೆ ಕಟ್ಟಿದವರಿಗೆ ಅದರಲ್ಲಿ ಶೇ 3 ಬಿಟ್ಟುಕೊಟ್ಟು, ಶೇ 4 ಮಾತ್ರ ಬೀಳುತ್ತದೆ. ನಮ್ಮ ಸೀಮೆಯ ಜನ ಕಂಡ ಮೊದಲ ರಿವಾರ್ಡ್ ಅದು. ಅದು ಹೊತ್ತಿಗೆ ಸರಿಯಾಗಿ ಕಟ್ಟಿದವನಿಗೆ ಸಿಗುತ್ತಿತ್ತು, ಹೆಚ್ಚು ಖರ್ಚು ಮಾಡಿದವನಿಗಲ್ಲ.

ನಿಮ್ಮ ಜೇಬಿನಲ್ಲಿರುವ ಈಗಿನ ಕಾರ್ಡು ಖರ್ಚು ಮಾಡಿದವನಿಗೆ ಪಾಯಿಂಟ್ ಕೊಡುತ್ತದೆ. ತಮ್ಮಂದಿರಾ, ತಂಗಿಯರಾ, ನಾನು ಹೇಳಬೇಕಾದದ್ದೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟುತ್ತದೆ.

ನಾಲ್ಕು ವರ್ಷದ ಹಿಂದಿನ ಎಳ್ಳಮಾವಾಸ್ಯೆ. ಜೇವರ್ಗಿ ಹತ್ತಿರದ ನಮ್ಮ ಹೊಲದಲ್ಲಿ ಚರಗ ಚೆಲ್ಲಿ ಬಂದು ಬನ್ನಿ ಗಿಡದ ಬುಡದಲ್ಲಿ ಊಟಕ್ಕೆ ಕೂತಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಇತ್ತು. ನನ್ನ ತಮ್ಮನ ಮಗ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಹೆಂಡತಿ ಆಳಂದ ತಾಲ್ಲೂಕಿನವಳು, ಶಾಲೆಯಲ್ಲಿ ಕಲಿಸುತ್ತಾಳೆ. ಊಟದ ನಡುವೆ ಹುಡುಗ ಫೋನ್ ತೆಗೆದು ತೋರಿಸಿದ. “ದೊಡ್ಡಪ್ಪಾ, ಅವ್ವನ್ನ ಸಿಂಗಾಪುರಕ್ಕ ಕರ್ಕೊಂಡು ಹೋಗ್ತೀವಿ. ಟಿಕೆಟ್ ಫ್ರೀ. ಕಾರ್ಡಿನ ಪಾಯಿಂಟ್ ಮ್ಯಾಗ ಆಗ್ತದ.”

ಅವನ ತಾಯಿ ಗಾಣಗಾಪುರ, ಪಂಢರಪುರ, ಶ್ರೀಶೈಲ ಬಿಟ್ಟರೆ ಎಲ್ಲಿಗೂ ಹೋದವಳಲ್ಲ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು: “ಫ್ರೀ ಅಂದ್ರ ಆ ರೊಕ್ಕ ಯಾರು ಕೊಡ್ತಾರೋ?”

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬ್ಯಾಂಕಿನಲ್ಲಿ ದುಡಿದ ನನಗೂ ಆ ಪ್ರಶ್ನೆಯನ್ನು ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.

ಕೊಡುವವರು ಇಬ್ಬರು. ಮೊದಲನೆಯವನು ಅಂಗಡಿಯವನು. ಕಲಬುರಗಿಯ ಗಂಜಿನಲ್ಲಿ ತೊಗರಿ ಮಾರಿದವರಿಗೆ ಅಡತಿಯ ಕಮಿಷನ್ ಗೊತ್ತು, ಇದೂ ಹಾಗೆಯೇ. ನೀವು ಕಾರ್ಡ್ ಉಜ್ಜಿದಾಗ ಅಂಗಡಿಯವನು ನೂರಕ್ಕೆ ಸುಮಾರು ಒಂದೂವರೆ ಎರಡು ರೂಪಾಯಿಯನ್ನು ಬ್ಯಾಂಕಿನ ಕಡೆಯವರಿಗೆ ಬಿಟ್ಟುಕೊಡುತ್ತಾನೆ. ಅದರಲ್ಲಿ ಒಂದು ಪಾಲು ಪಾಯಿಂಟ್ ಆಗಿ ನಿಮಗೆ ಬರುತ್ತದೆ. ಎರಡನೆಯವನು ನಿಮ್ಮಂತೆಯೇ ಕಾರ್ಡ್ ಇಟ್ಟುಕೊಂಡು, ಬಿಲ್ಲನ್ನು ಪೂರ್ತಿ ಕಟ್ಟಲಾಗದೆ ಬಡ್ಡಿ ತೆರುವವನು. ನಿಮ್ಮ ವಿಮಾನದ ಟಿಕೆಟ್ಟಿನಲ್ಲಿ ಅವನ ಬಡ್ಡಿಯ ರೊಕ್ಕವೂ ಸೇರಿದೆ. ಆ ಎರಡನೆಯವನು ನೀವಾಗಬಾರದು.

ಈಗ ಪಾಯಿಂಟಿನ ನಿಜವಾದ ಬೆಲೆ ನೋಡೋಣ. ಸಾಮಾನ್ಯ ಕಾರ್ಡುಗಳಲ್ಲಿ ನೂರು ಅಥವಾ ನೂರೈವತ್ತು ರೂಪಾಯಿ ಖರ್ಚಿಗೆ ಒಂದೋ ಎರಡೋ ಪಾಯಿಂಟ್. ಒಂದು ಪಾಯಿಂಟಿನ ಬೆಲೆ ಕೆಲವು ಕಡೆ 20 ಪೈಸೆ, ಕೆಲವು ಕಡೆ 50 ಪೈಸೆ, ಪ್ರವಾಸಕ್ಕೆಂದೇ ಮಾಡಿದ ಕಾರ್ಡುಗಳಲ್ಲಿ ಒಂದು ರೂಪಾಯಿಯವರೆಗೆ. ಎಲ್ಲ ಕೂಡಿಸಿ ಕಳೆದರೆ ಸಾಮಾನ್ಯ ಕಾರ್ಡು ಖರ್ಚಿನ ಶೇ 1ರಷ್ಟನ್ನು ಹಿಂದಕ್ಕೆ ಕೊಟ್ಟರೆ ಅದು ಒಳ್ಳೆಯ ಕಾರ್ಡೇ. ತಿಂಗಳಿಗೆ 30,000 ರೂಪಾಯಿ ಖರ್ಚು ಮಾಡಿದರೆ ವರ್ಷಕ್ಕೆ 3,60,000. ಶೇ 1ರ ಲೆಕ್ಕದಲ್ಲಿ ಕೈಗೆ ಬಂದದ್ದು 3,600 ರೂಪಾಯಿ. ಬಲು ಚೆನ್ನಾಗಿ ಬಳಸಿ ಶೇ 3 ತೆಗೆದರೂ 10,800. ಇದರಲ್ಲಿ ಮೂವರು ಸಿಂಗಾಪುರಕ್ಕೆ ಹೋಗಿ ಬರಲು ಎಷ್ಟು ವರ್ಷ ಬೇಕೆಂದು ನೀವೇ ಎಣಿಸಿರಿ. ಕಾರ್ಡ್ ಪಡೆದಾಗ ಸಿಗುವ ಬೋನಸ್ಸು, ವರ್ಷದಲ್ಲಿ ಇಂತಿಷ್ಟು ಖರ್ಚು ಮುಟ್ಟಿದಾಗ ಸಿಗುವ ಹೆಚ್ಚಿನ ಪಾಯಿಂಟು ಸೇರಿದರೆ ದಾರಿ ಸ್ವಲ್ಪ ಹತ್ತಿರವಾಗುತ್ತದೆ, ನಿಜ. ಆದರೆ ಆ ‘ಇಂತಿಷ್ಟು’ ಮುಟ್ಟಲು ಬೇಡದ್ದನ್ನು ಕೊಂಡರೆ ಕಥೆ ಅಲ್ಲಿಗೇ ಕೆಟ್ಟಿತು. ಸಾವಿರ ರೂಪಾಯಿಯ ಪಾಯಿಂಟಿಗಾಗಿ ಇಪ್ಪತ್ತು ಸಾವಿರದ ಫೋನ್ ಕೊಂಡವರನ್ನು ನಾನು ಕಂಡಿದ್ದೇನೆ.

ವಾರ್ಷಿಕ ಶುಲ್ಕವನ್ನೂ ಇದರಲ್ಲಿ ಕಳೆಯಬೇಕು. ಬಾಡಿಗೆ, ಪೆಟ್ರೋಲು, ಸರಕಾರಕ್ಕೆ ಕಟ್ಟುವ ಹಣ, ಕಂತಿಗೆ ಬದಲಿಸಿದ ಖರೀದಿ ಇವುಗಳಿಗೆ ಹೆಚ್ಚಿನ ಕಾರ್ಡುಗಳು ಪಾಯಿಂಟ್ ಕೊಡುವುದಿಲ್ಲ, ಕೊಟ್ಟರೂ ಮಿತಿ ಹಾಕುತ್ತವೆ. ನಮ್ಮ ಕಡೆ ಗೊಬ್ಬರ, ಔಷಧಿ ಅಂಗಡಿಗಳಲ್ಲಿ “ಕಾರ್ಡ್ ಆದ್ರ ಎರಡು ಪರ್ಸೆಂಟ್ ಜಾಸ್ತಿ” ಎನ್ನುತ್ತಾರಲ್ಲ, ಅಲ್ಲಿ ಕಾರ್ಡ್ ಕೊಟ್ಟರೆ ನೀವು ಗಳಿಸಿದ್ದು ಒಂದು, ಕಳೆದುಕೊಂಡದ್ದು ಎರಡು.

ಇನ್ನು ಬಡ್ಡಿ. ಇದನ್ನು ನಿಧಾನವಾಗಿ ಓದಿರಿ. ಬಹಳಷ್ಟು ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ 3.5ರಿಂದ 3.75ರ ಆಸುಪಾಸು, ವರ್ಷಕ್ಕೆ ಶೇ 42ರಿಂದ 45. ಅದರ ಮೇಲೆ ಶೇ 18 ಜಿಎಸ್‌ಟಿ. 40,000 ರೂಪಾಯಿ ಬಿಲ್ಲು ಒಂದು ತಿಂಗಳು ಉಳಿದರೆ ಬಡ್ಡಿ 1,500, ತೆರಿಗೆ 270, ಒಟ್ಟು 1,770. ಅದೇ 40,000ಕ್ಕೆ ನೀವು ಗಳಿಸಿದ ಪಾಯಿಂಟಿನ ಬೆಲೆ 400. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ಒಂದು ಸಾಲು ಇರುತ್ತದೆ, ಸಾಮಾನ್ಯವಾಗಿ ಶೇ 5ರ ಹತ್ತಿರ. 2,000 ಕಟ್ಟಿ ನಿಶ್ಚಿಂತರಾದವರ ಹಣದಲ್ಲಿ 1,770 ಬಡ್ಡಿಗೂ ತೆರಿಗೆಗೂ ಹೋದರೆ ಅಸಲು ಕರಗುವುದು 230 ರೂಪಾಯಿ. ಒಮ್ಮೆ ಬಾಕಿ ಉಳಿಸಿಕೊಂಡಿರೆಂದರೆ ಮುಂದಿನ ತಿಂಗಳ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಇರುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೂ ಹಾಗೆಯೇ, ಮೇಲೆ ಶುಲ್ಕ ಬೇರೆ. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಆ ಆಸರೆಯೂ ಈಗ ನಿಮಗಿಲ್ಲ.

ಬೆಂಗಳೂರಿನವರಿಗೂ ಮುಂಬೈಯವರಿಗೂ ಇಷ್ಟು ಹೇಳಿದರೆ ಸಾಕಾಗಬಹುದು. ನಮ್ಮ ಮೂರು ತಾಲ್ಲೂಕಿನವರಿಗೆ ಇನ್ನೊಂದು ಮಾತು ಹೇಳಲೇಬೇಕು.

ನಮ್ಮ ಮನೆಗಳಿಗೆ ರೊಕ್ಕ ಬರುವುದು ಸುಗ್ಗಿಗೆ. ಮುಂಗಾರಿಗೆ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಹೆಸರು ದೊಡ್ಡದಾಯಿತು. ಆದರೂ ರೈತನ ಕೈಗೆ ಹಣ ಬರುವುದು ವರ್ಷಕ್ಕೆ ಒಂದೇ ಸಲ. ಕಬ್ಬಿನ ಹಣ ಕಾರ್ಖಾನೆಗೆ ಕಳಿಸಿದ 14 ದಿನದಲ್ಲಿ ಬರಬೇಕೆಂದು ಕಾನೂನಿದ್ದರೂ ತಡವಾದ ವರ್ಷಗಳನ್ನು ನಾವೆಲ್ಲ ನೋಡಿದ್ದೇವೆ. ಕಾರ್ಡಿನ ಬಿಲ್ಲು ಮಾತ್ರ ತಿಂಗಳಿಗೊಮ್ಮೆ, ಹೇಳಿದ ತಾರೀಖಿಗೆ. ಊರ ಕಿರಾಣಿ ಅಂಗಡಿಯ ಉದ್ರಿ ಸುಗ್ಗಿತನಕ ಕಾಯುತ್ತದೆ. ಕಾರ್ಡಿನ ಉದ್ರಿ ಐವತ್ತು ದಿನದ ಆಸುಪಾಸಿಗಿಂತ ಹೆಚ್ಚು ಕಾಯುವುದಿಲ್ಲ.

ಹುಡುಗರು ಪುಣೆ, ಹೈದರಾಬಾದು, ಬೆಂಗಳೂರಿನಲ್ಲಿ ಪಗಾರಕ್ಕೆ ಸೇರಿ ಕಾರ್ಡ್ ತೆಗೆದುಕೊಂಡ ಮೇಲೆ ಏನಾಗುತ್ತದೆಂದರೆ, ಮನೆಯ ಖರ್ಚೆಲ್ಲ ಆ ಕಾರ್ಡಿನ ಮೇಲೆ ಬರುತ್ತದೆ. ಹುಡುಗನಿಗೂ ಪಾಯಿಂಟ್ ಬೇಕಲ್ಲ, “ನನ್ನ ಕಾರ್ಡಿನಾಗ ಕೊಡ್ತೀನಿ, ನೀವು ಆಮ್ಯಾಲ ಕೊಡ್ರಿ” ಎನ್ನುತ್ತಾನೆ. ಆಳಂದ ತಾಲ್ಲೂಕಿನ ಒಬ್ಬ ಹುಡುಗನ ಲೆಕ್ಕ ನನ್ನ ಮುಂದೆ ಬಂದಿತ್ತು. ಅಣ್ಣನ ಹೊಲಕ್ಕೆ ಹನಿ ನೀರಾವರಿಯ ಪೈಪು, ಕಾಕಾನ ಬೈಕು, ಅಕ್ಕನ ಮದುವೆಗೆ ಸೊಲ್ಲಾಪುರದಲ್ಲಿ ಕೊಂಡ ಬಟ್ಟೆ, ಹೀಗೆ ಎರಡು ತಿಂಗಳಲ್ಲಿ 1,80,000 ರೂಪಾಯಿ. ತೊಗರಿ ಮಾರಿದ ಮೇಲೆ ಎಲ್ಲರೂ ಕೊಡುವವರೇ ಇದ್ದರು, ಯಾರೂ ಮೋಸಗಾರರಲ್ಲ. ಅದು 2022. ಆ ವರ್ಷ ನೆಟೆ ರೋಗ ಬಿದ್ದು ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಕೊಡಬೇಕೆಂದವರ ಕೈಯಲ್ಲಿ ಏನೂ ಇರಲಿಲ್ಲ. ಹುಡುಗ ಹದಿನಾಲ್ಕು ತಿಂಗಳು ಕನಿಷ್ಠ ಮೊತ್ತ ಕಟ್ಟಿದ. ಬಡ್ಡಿ, ತೆರಿಗೆ ಎಂದು ಹೋದದ್ದು ಲಕ್ಷದ ಹತ್ತಿರ. ಬಂದ ಪಾಯಿಂಟಿನ ಬೆಲೆ ಎರಡು ಸಾವಿರದೊಳಗೆ. ಅಣ್ಣ ತಮ್ಮಂದಿರ ಮಾತು ನಿಂತದ್ದಕ್ಕೆ ಯಾವ ಲೆಕ್ಕವೂ ಇಲ್ಲ. ಕೊನೆಗೆ ತಾಯಿಯ ಬಂಗಾರ ಅಡವಿಟ್ಟು ಕಾರ್ಡಿನ ಬಾಕಿ ತೀರಿಸಿದರು. ಬಂಗಾರದ ಸಾಲದ ಬಡ್ಡಿ ಕಾರ್ಡಿನ ಬಡ್ಡಿಯ ಕಾಲು ಭಾಗದಷ್ಟು. ಅದನ್ನು ಎರಡನೇ ತಿಂಗಳೇ ಮಾಡಿದ್ದರೆ ಅಷ್ಟು ಹಣ ಉಳಿಯುತ್ತಿತ್ತು. ನಾಚಿಕೆಯಿಂದ ಅವನು ಯಾರಿಗೂ ಹೇಳಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದಕ್ಕೇ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಹಳ್ಳಿಗಳು ನೀರಲ್ಲಿ ನಿಂತದ್ದು ನಿಮಗೂ ನೆನಪಿದೆ. ಹೊಳೆ, ರೋಗ, ಗಂಜಿನ ಧಾರಣೆ ಇವನ್ನು ನಂಬಿದ ಹಣವನ್ನು ತಾರೀಖು ತಪ್ಪದ ಬಿಲ್ಲಿಗೆ ಜೋಡಿಸಬೇಡಿರಿ. ಹೊಲದ ಖರ್ಚಿಗೆ ಸೊಸೈಟಿ ಸಾಲ, ಕಿಸಾನ್ ಕಾರ್ಡು ಇದೆ. ಪಗಾರದ ಹಣದಲ್ಲಿ ಹೇಗೂ ಆಗಬೇಕಾದ ಖರ್ಚು ಮಾತ್ರ ಈ ಕಾರ್ಡಿನ ಮೇಲೆ ಬರಲಿ: ಕಿರಾಣಿ, ಕರೆಂಟು, ಫೋನು, ರೈಲಿನ ಟಿಕೆಟ್ಟು, ವರ್ಷದ ವಿಮೆ. ಮನೆಯವರು ಕೇಳಿದರೆ ಅವರ ಹಣ ನಿಮ್ಮ ಖಾತೆಗೆ ಬಂದ ಮೇಲೆ ಕಾರ್ಡ್ ಉಜ್ಜಿರಿ. ಇದು ಬಿರುಸಾದ ಮಾತಲ್ಲ, ಸಂಬಂಧ ಉಳಿಸುವ ಮಾತು.

ನಮ್ಮ ಹುಡುಗನಿಗೆ ಆ ದಿನ ಹೊಲದಲ್ಲೇ ನಾನು ಹೇಳಿದ್ದು ಇಷ್ಟು. ಪೂರ್ತಿ ಬಿಲ್ಲು ತಾನಾಗಿ ಖಾತೆಯಿಂದ ಕಟ್ಟಿಹೋಗುವಂತೆ ಬ್ಯಾಂಕಿಗೆ ಬರೆದುಕೊಡು, ಕನಿಷ್ಠ ಮೊತ್ತಕ್ಕಲ್ಲ. ಪಗಾರ ಬಂದ ವಾರದಲ್ಲೇ ಬಿಲ್ಲಿನ ತಾರೀಖು ಬೀಳುವಂತೆ ಬದಲಿಸಿಕೊ. ಬಿಲ್ಲಿನ ಅವಧಿಯನ್ನು ಕನಿಷ್ಠ ಒಂದು ಸಲ ಬದಲಿಸಿಕೊಳ್ಳಲು ಈಗ ರಿಸರ್ವ್ ಬ್ಯಾಂಕಿನ ನಿಯಮವೇ ಅವಕಾಶ ಕೊಟ್ಟಿದೆ. ಅದರ ಜೊತೆಗೆ ತಿಂಗಳಿಗೆ ಐದು ಸಾವಿರದ ಒಂದು ಆರ್‌ಡಿ ತೆರೆ. ಪಾಯಿಂಟ್ ಟಿಕೆಟ್ಟಿಗಾದರೆ ಆದೀತು. ವೀಸಾ, ಹೋಟೆಲು, ಊಟ, ಅಲ್ಲಿನ ತಿರುಗಾಟ ಎಲ್ಲಕ್ಕೂ ಕೈಯ ರೊಕ್ಕವೇ ಬೇಕು.

ವಿಮಾನದ ಮಾತಿಗೆ ಬಂದರೆ, ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಆರಂಭವಾದರೂ ಹೊರದೇಶಕ್ಕೆ ನಮಗೆ ಹತ್ತಿರದ ಬಾಗಿಲು ಹೈದರಾಬಾದಿನ ಶಂಶಾಬಾದೇ. ಬ್ಯಾಂಕಿನ ಪಾಯಿಂಟನ್ನು ವಿಮಾನ ಕಂಪನಿಯ ಮೈಲುಗಳಾಗಿ ಬದಲಿಸಿಕೊಂಡರೆ ಕೆಲವೊಮ್ಮೆ ಹೆಚ್ಚು ಬೆಲೆ ಸಿಗುತ್ತದೆ. ಸಿಂಗಾಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್‌ಗೆ ನಮ್ಮ ಹಲವು ಬ್ಯಾಂಕುಗಳಿಂದ ದಾರಿಯಿದೆ. ಆದರೆ ಒಮ್ಮೆ ಬದಲಿಸಿದರೆ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಬೇಕಾದ ದಿನಕ್ಕೆ ಮೈಲಿನ ಸೀಟು ಇದೆಯೇ ಎಂದು ಮೊದಲು ನೋಡಿ, ಆಮೇಲೆ ಬದಲಿಸಿರಿ. ದೀಪಾವಳಿಗೆ, ಬೇಸಿಗೆ ರಜೆಗೆ ಅಂಥ ಸೀಟು ಸಿಗುವುದು ಕಷ್ಟ. ಸಿಕ್ಕ ಟಿಕೆಟ್ಟಿಗೂ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಕೈಯಿಂದ ಕಟ್ಟಬೇಕು.

ಪಾಯಿಂಟನ್ನು ಕೂಡಿಹಾಕಿ ಕೂಡಬೇಡಿರಿ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬುತ್ತಿದ್ದರು; ಹೊತ್ತಿಗೆ ತೆಗೆಯದಿದ್ದರೆ ಅದೂ ಮುಗ್ಗಲು ಹಿಡಿಯುತ್ತಿತ್ತು. ಕಿಂಗ್‌ಫಿಷರ್ ವಿಮಾನ 2012ರಲ್ಲಿ ನಿಂತಾಗ ಅದರ ಮೈಲು ಕೂಡಿಟ್ಟವರಿಗೆ ಅವು ಉಪಯೋಗಕ್ಕೆ ಬರಲಿಲ್ಲ. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿದಾಗ ಪಾಯಿಂಟುಗಳು ಹೊಸ ಖಾತೆಗೆ ಹೋದವು, ಕೂಡಿಟ್ಟವರ ಪುಣ್ಯ. ಪಾಯಿಂಟಿನ ಬೆಲೆಯನ್ನು ಬ್ಯಾಂಕು ಯಾವಾಗ ಬೇಕಾದರೂ ಇಳಿಸಬಹುದು. ಟಿಕೆಟ್ಟಿಗೆ ಸಾಕಾಗುವಷ್ಟು ಆಯಿತೆಂದರೆ ಬಳಸಿಬಿಡಿರಿ.

ಹೊರದೇಶದಲ್ಲಿ ಕಾರ್ಡ್ ಉಜ್ಜುವಾಗ ನನ್ನ ಮುತ್ಯಾನ ನೆನಪು ಇರಲಿ. ನಿಜಾಮರ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು, ಗಡಿ ದಾಟಿದ ಸೊಲ್ಲಾಪುರದಲ್ಲಿ ಕಲ್ದಾರ. ಹಾಲಿ ಏಳು ರೂಪಾಯಿ ಕೊಟ್ಟರೆ ಕಲ್ದಾರ ಆರು. ಸೊಲ್ಲಾಪುರದ ಪೇಟೆಗೆ ಹೋಗುವಾಗ ಮುತ್ಯಾ ಮನೆಯಲ್ಲೇ ಬಟ್ಟಾ ಲೆಕ್ಕ ಹಾಕಿ, ಕಲ್ದಾರ ಗಂಟು ಕಟ್ಟಿಕೊಂಡೇ ಹೊರಡುತ್ತಿದ್ದನಂತೆ, ಏಕೆಂದರೆ ಪೇಟೆಯಲ್ಲಿ ನಿಂತು ಬದಲಿಸಿದರೆ ಇನ್ನಷ್ಟು ಮುರಿಯುತ್ತಿದ್ದರು. ಇಂದಿನ ಬಟ್ಟಾಕ್ಕೆ ‘ಫಾರೆಕ್ಸ್ ಮಾರ್ಕಪ್’ ಎಂದು ಹೆಸರು. ಹಲವು ಕಾರ್ಡುಗಳಲ್ಲಿ ಅದು ಶೇ 3.5, ಅದರ ಮೇಲೆ ಜಿಎಸ್‌ಟಿ. ಲಕ್ಷ ರೂಪಾಯಿ ಖರ್ಚಿಗೆ 4,130 ಹೋಯಿತು. ಪಾಯಿಂಟಿನಿಂದ ಬಂದದ್ದು ಸಾವಿರ. ಮಾರ್ಕಪ್ ಇಲ್ಲದ ಕಾರ್ಡುಗಳಿವೆ, ಫಾರೆಕ್ಸ್ ಕಾರ್ಡಿದೆ. ಹೊರಡುವ ಮೊದಲೇ ಮಾಡಿಸಿಕೊಳ್ಳಿರಿ. ಅಲ್ಲಿನ ಅಂಗಡಿಯವನು “ರೂಪಾಯಿಯಲ್ಲಿ ಕಟ್ಟುತ್ತೀರಾ, ಡಾಲರಿನಲ್ಲಾ?” ಎಂದು ಕೇಳುತ್ತಾನೆ. ರೂಪಾಯಿ ಎಂದರೆ ದರ ಹಚ್ಚುವವರು ಅವರ ಕಡೆಯವರು. ಆ ದೇಶದ ಹಣದಲ್ಲೇ ಎನ್ನಿರಿ.

ಇನ್ನೊಂದು ಸಣ್ಣ ವಿಷಯ, ನಮ್ಮವರಿಗೆ ಇದೇ ದೊಡ್ಡ ತೊಡಕಾಗುತ್ತದೆ. ಆಧಾರದಲ್ಲಿ ಶಾಂತಾಬಾಯಿ, ರೇಷನ್ ಕಾರ್ಡಿನಲ್ಲಿ ಶಾಂತಮ್ಮ, ಶಾಲೆಯ ದಾಖಲೆಯಲ್ಲಿ ಜೂನ್ 1ರ ಹುಟ್ಟು. ತಾಯಿ ತಂದೆಯ ಪಾಸ್‌ಪೋರ್ಟಿಗೆ ಈ ಕಾಗದಗಳೆಲ್ಲ ಒಂದಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಪಾಸ್‌ಪೋರ್ಟಿನ ಶುಲ್ಕ 1,500 ರೂಪಾಯಿ ಮಾತ್ರ, ಓಡಾಟ ಹೆಚ್ಚು. ಪಾಯಿಂಟ್ ಕೂಡುವ ಮೊದಲೇ ಈ ಕೆಲಸ ಹಿಡಿಯಿರಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿನಂತೆಯೇ ಇರಬೇಕು.

“ನಿಮ್ಮ ರಿವಾರ್ಡ್ ಪಾಯಿಂಟ್ ಇವತ್ತೇ ಮುಗಿಯುತ್ತದೆ, ಈ ಲಿಂಕ್ ಒತ್ತಿರಿ” ಎಂದು ಫೋನಿಗೆ ಬರುವ ಸಂದೇಶ ಕಳ್ಳರದು. ಲಿಂಕ್ ಒತ್ತಬೇಡಿರಿ, ಆ್ಯಪ್ ಇಳಿಸಬೇಡಿರಿ, ಒಟಿಪಿ ಯಾರಿಗೂ ಹೇಳಬೇಡಿರಿ. ತಪ್ಪಿ ಒತ್ತಿದರೆ ಒಂದು ನಿಮಿಷವೂ ಕಾಯದೆ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಿರಿ. ಬ್ಯಾಂಕಿನೆದುರು ನಿಮ್ಮ ಹಕ್ಕೂ ಗೊತ್ತಿರಲಿ: ಕೇಳದೆ ಕಾರ್ಡ್ ಕಳಿಸುವುದು ರಿಸರ್ವ್ ಬ್ಯಾಂಕಿನ ನಿಯಮಕ್ಕೆ ವಿರುದ್ಧ. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಲು ಹೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಬ್ಯಾಂಕು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕೇಳಿರಿ.

ನಮ್ಮ ಹುಡುಗ ಮತ್ತು ಸೊಸೆ ಎರಡೂವರೆ ವರ್ಷ ಕಾದರು. ಒಂದು ತಿಂಗಳೂ ಬಾಕಿ ಉಳಿಸಲಿಲ್ಲ. ಮೂವರ ಟಿಕೆಟ್ಟಿನಲ್ಲಿ ಪಾಯಿಂಟಿನಿಂದ ಆದದ್ದು ತಾಯಿಯ ಹೋಗಿ ಬರುವ ಟಿಕೆಟ್ಟು, ಸೊಸೆಯ ಹೋಗುವ ಟಿಕೆಟ್ಟು. ಉಳಿದದ್ದು ಆರ್‌ಡಿಯ ಹಣ. ಐದು ದಿನ ಸಿಂಗಾಪುರ ನೋಡಿ ಬಂದರು. ತಾಯಿ ಗಂಟಿನಲ್ಲಿ ಕಟಿ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದಳು. ಎರಡು ಹೊತ್ತಿನ ಊಟ ಅದರಲ್ಲೇ ಆಯಿತಂತೆ. ಬಂದ ತಿಂಗಳ ಬಿಲ್ಲೂ ತಾರೀಖಿಗೆ ಪೂರ್ತಿ ಕಟ್ಟಿಹೋಯಿತು.

ನಿಮ್ಮಲ್ಲಿ ಯಾರ ಕಾರ್ಡಿನಲ್ಲಾದರೂ ಬಾಕಿ ನಿಂತಿದ್ದರೆ ನಾಚಬೇಡಿರಿ, ಮುಚ್ಚಿಡಬೇಡಿರಿ. ಮನೆಯ ಒಬ್ಬ ಹಿರಿಯರಿಗೆ ಇವತ್ತೇ ಹೇಳಿರಿ. ಹೇಳುವವರು ಯಾರೂ ಇಲ್ಲವೆಂದರೆ ಮೂರು ತಿಂಗಳ ಬಿಲ್ಲು ತೆಗೆದುಕೊಂಡು ಜೇವರ್ಗಿಗೆ ನನ್ನ ಮನೆಗೆ ಬನ್ನಿರಿ, ಕಟ್ಟೆಯ ಮೇಲೆ ಕೂತು ಲೆಕ್ಕ ನೋಡೋಣ.